ಜೀನ್ ತಿದ್ದುವ ತಂತ್ರಜ್ಞಾನ ಮುಂದಿನ ವೈದ್ಯಕೀಯವನ್ನು ಹೇಗೆ ಬದಲಿಸಬಹುದು?

ಕೆಲವು ಆನುವಂಶಿಕ ಕಾಯಿಲೆಗಳ ಲಕ್ಷಣಗಳನ್ನು ಜೀವನವಿಡೀ ಹತೋಟಿಯಲ್ಲಿಡುವ ಬದಲು, ಒಂದೇ ಚಿಕಿತ್ಸೆಯಿಂದ ಅವುಗಳ ಮೂಲಕ್ಕೇ ಕೈಹಾಕಲು ಸಾಧ್ಯವಾಗುತ್ತದೆ. ಇದು ಈಗಾಗಲೇ ಆರಂಭವಾಗಿದೆ. ಸಿಕಲ್ ಸೆಲ್ ರೋಗದಲ್ಲಿ ಹಿಮೋಗ್ಲೋಬಿನ್ ದೋಷದಿಂದಾಗಿ ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವು ತರುತ್ತವೆ. 2023ರಲ್ಲಿ ಬ್ರಿಟನ್ ಮತ್ತು ಅಮೆರಿಕ ಒಪ್ಪಿಗೆ ನೀಡಿದ ಕ್ಯಾಸ್ಗೆವಿ ಎಂಬ ಚಿಕಿತ್ಸೆಯಲ್ಲಿ, ರಕ್ತಕಣಗಳನ್ನು ಹುಟ್ಟಿಸುವ ಆಕರಕೋಶಗಳನ್ನು ರೋಗಿಯಿಂದಲೇ ಹೊರತೆಗೆದು, ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಅವುಗಳಲ್ಲಿನ ಒಂದು ನಿಯಂತ್ರಕ ಜೀನಿನ ಕೆಲಸವನ್ನು ತಗ್ಗಿಸಿ ಮರಳಿ ಸೇರಿಸುತ್ತಾರೆ. ಭ್ರೂಣಾವಸ್ಥೆಯ ಹಿಮೋಗ್ಲೋಬಿನ್ ತಯಾರಿಕೆಯನ್ನು ಜನನದ ನಂತರ ಅದುಮಿಡುವುದು ಇದೇ ಜೀನ್. ಅದರ ಹಿಡಿತ ಸಡಿಲವಾದಾಗ ಆ ಹಿಮೋಗ್ಲೋಬಿನ್ ಮತ್ತೆ ಉತ್ಪತ್ತಿಯಾಗಿ, ಕಣಗಳು ಬಾಗದಂತೆ ಕಾಯುತ್ತದೆ. ಆದರೆ ತಿದ್ದಿದ ಕೋಶಗಳಿಗೆ ಮೂಳೆಮಜ್ಜೆಯಲ್ಲಿ ಜಾಗ ಮಾಡಲು ಮೊದಲು ಕಠಿಣ ಕೀಮೋಥೆರಪಿ ಬೇಕಾಗುವುದರಿಂದ, ನನ್ನ ದೃಷ್ಟಿಯಲ್ಲಿ ದೊಡ್ಡ ತಿರುವು ಬರಬೇಕಿರುವುದು ದೇಹದೊಳಗೇ ಜೀನ್ ತಿದ್ದುವ ವಿಧಾನಗಳಿಂದ.