ಟೋಕಿಯೋದಲ್ಲಿರುವ ತಮ್ಮನ ಮನೆಗೆ ಅಪ್ಪಯ್ಯ ಅಮ್ಮನನ್ನು ಕರೆದುಕೊಂಡು ಹೋದದ್ದು

ನಿಮ್ಮ ಅಣ್ಣ ಟೋಕಿಯೋದಲ್ಲಿದ್ದಾರೆ, ಅಪ್ಪ ಅಮ್ಮನ ಜೊತೆ ಹೋಗಿ ಎಲ್ಲರೂ ಸೇರಿ ಹನ್ನೆರಡು ದಿನ ಜಪಾನ್ ಸುತ್ತಬೇಕು, ಇಬ್ಬರೂ ಸಸ್ಯಾಹಾರಿಗಳು, ಜಾಸ್ತಿ ನಡೆಯಲು ಆಗುವುದಿಲ್ಲ, ಹೇಗೆ ಹೊಂದಿಸುವುದು ಎಂದು ಕೇಳಿದ್ದೀರಿ. ನಾವು 2024ರ ನವೆಂಬರ್ ಕೊನೆಯಲ್ಲಿ ಹೆಚ್ಚು ಕಡಿಮೆ ಇದೇ ಪ್ರವಾಸ ಮಾಡಿದೆವು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಅಪ್ಪಯ್ಯನಿಗೆ 72, ಅಮ್ಮನಿಗೆ 66. ಅಮ್ಮನಿಗೆ ಮಂಡಿನೋವು. ಜೊತೆಗೆ ನಾನು, ನನ್ನ ಗಂಡ, ಒಂಬತ್ತು ವರ್ಷದ ಮಗಳು. ತಮ್ಮ ಇರುವುದು ಟೋಕಿಯೋದ ನಿಶಿಕಸಾಯ್‌ನಲ್ಲಿ. ಆರು ವರ್ಷದಿಂದ ಅಲ್ಲಿದ್ದಾನೆ.

ಮೊದಲನೆಯ ಮಾತು ಇದು. ಮೊದಲ ಮೂರು ದಿನ ಯಾವ ಊರನ್ನೂ ಪಟ್ಟಿಗೆ ಹಾಕಬೇಡಿ. ಅಣ್ಣನ ಮನೆ, ಅಣ್ಣನ ಬೀದಿ, ಅಷ್ಟೇ ಇರಲಿ. ನಮಗೆ ಇದನ್ನು ಯಾರೂ ಹೇಳಿರಲಿಲ್ಲ. ತಮ್ಮನಿಗೆ ಆ ಮೂರು ದಿನ ರಜೆ ಸಿಗದ ಕಾರಣ ತಾನಾಗಿ ಹಾಗೆ ಆಯ್ತು. ಈಗ ಯೋಚಿಸಿದರೆ ಇಡೀ ಪ್ರವಾಸದಲ್ಲಿ ಅಮ್ಮ ಹೆಚ್ಚು ನೆನೆಸಿಕೊಳ್ಳುವುದು ಆ ಮೂರು ದಿನವನ್ನೇ.

ಅವಳಿಗೆ ಆರು ವರ್ಷದಿಂದ ಒಂದೇ ಚಿಂತೆ ಇತ್ತು. ಹುಡುಗ ಏನು ತಿನ್ನುತ್ತಾನೆ, ಎಲ್ಲಿ ಮಲಗುತ್ತಾನೆ, ಜ್ವರ ಬಂದರೆ ಯಾರು ನೋಡುತ್ತಾರೆ. ವಿಡಿಯೋ ಕಾಲ್‌ನಲ್ಲಿ ಅದು ತೀರುವುದಿಲ್ಲ. ಹೋದ ದಿನವೇ ಅವನ ಫ್ರಿಜ್ ತೆಗೆದು ನೋಡಿದಳು. ಮರುದಿನ ಅವನು ತರಕಾರಿ ತರುವ ಅಂಗಡಿಗೆ ಹೋದಳು. ಅಲ್ಲಿ ಕಣ್ಣಿಗೆ ಬಿದ್ದದ್ದು ಕೆಸವಿನ ಗೆಡ್ಡೆ! ಜಪಾನಿನವರು ಅದನ್ನು ಸತೋಇಮೋ ಅಂತಾರೆ, ಶರತ್ಕಾಲದಲ್ಲಿ ಎಲ್ಲ ಕಡೆ ಸಿಗುತ್ತದೆ. ಅವತ್ತು ರಾತ್ರಿ ಆ ಪುಟ್ಟ ಅಡುಗೆಮನೆಯಲ್ಲಿ ಕೆಸವಿನ ಗೆಡ್ಡೆ ಹುಳಿ ಆಯ್ತು. ತಮ್ಮ ಎರಡು ಸಲ ಬಡಿಸಿಕೊಂಡ. ಆಮೇಲೆ ಅಮ್ಮನ ಮುಖ ನೋಡಬೇಕಿತ್ತು ನೀವು.

ಅಪ್ಪಯ್ಯ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದರು. ಪುಟ್ಟ ಮಕ್ಕಳು ದೊಡ್ಡವರಿಲ್ಲದೆ ತಾವೇ ಶಾಲೆಗೆ ನಡೆದು ಹೋಗುವುದನ್ನು ನಿಂತು ನೋಡುತ್ತಿದ್ದರು. ನಿಶಿಕಸಾಯ್ ಇರುವ ಎದೋಗಾವಾದಲ್ಲಿ ಭಾರತೀಯರು ತುಂಬಾ ಇದ್ದಾರೆ. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಕೆಲಸಕ್ಕೆ ಬಂದವರು ಇಲ್ಲಿ ನೆಲೆ ನಿಂತರು. ಬೇಳೆ, ಸಾಸಿವೆ, ಹುಣಸೆಹಣ್ಣು ಎಲ್ಲ ಸಿಗುತ್ತದೆ. ಒಂದು ಮಧ್ಯಾಹ್ನ ಕಸಾಯ್ ರಿಂಕಾಯ್ ಪಾರ್ಕಿಗೆ ಹೋದೆವು. ಅಲ್ಲಿ 117 ಮೀಟರ್ ಎತ್ತರದ ಜಯಂಟ್ ವೀಲ್ ಇದೆ, ಪಕ್ಕದಲ್ಲೇ ಸಮುದ್ರ. ಪ್ರವಾಸ ಅಂತ ಮಾಡಿದ್ದು ಅಷ್ಟೇ. ಕಾಲಿಗೂ ನಿದ್ದೆಗೂ ಹೊಂದಿಕೊಳ್ಳಲು ಸಮಯ ಸಿಕ್ಕಿತು. ಜಪಾನ್ ನಮಗಿಂತ ಮೂರೂವರೆ ಗಂಟೆ ಮುಂದೆ. ಕಡಿಮೆ ಅನಿಸಿದರೂ ವಯಸ್ಸಾದವರಿಗೆ ಎರಡು ದಿನ ಬೇಕು.

ಮನೆ ಬಗ್ಗೆ ಒಂದು ಮಾತು. ಅಲ್ಲಿನ ಮನೆಗಳು ಚಿಕ್ಕವು. ಅಪ್ಪಯ್ಯ ಅಮ್ಮ ತಮ್ಮನ ಮನೆಯಲ್ಲಿ ಮಲಗಿದರು. ನಾವು ಮೂವರು ಹತ್ತು ನಿಮಿಷದ ದೂರದ ಹೋಟೆಲಿನಲ್ಲಿ ಇದ್ದೆವು. ಬಾಡಿಗೆ ಕರಾರಿನಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುವ ಬಗ್ಗೆ ಏನಿದೆ ಎಂದು ಅಣ್ಣನಿಗೆ ಮೊದಲೇ ನೋಡಲು ಹೇಳಿ.

ವೀಸಾ ಕಷ್ಟವಲ್ಲ, ಕಾಗದ ಜಾಸ್ತಿ. ಸಂಬಂಧಿಕರನ್ನು ನೋಡಲು ಹೋಗುವುದಾದರೆ ಅಣ್ಣ ಅಲ್ಲಿಂದ ಆಹ್ವಾನ ಪತ್ರ ಮತ್ತು ದಿನದ ವೇಳಾಪಟ್ಟಿ ಕಳಿಸಬೇಕು. ಖರ್ಚು ಅವರೇ ನೋಡಿಕೊಳ್ಳುವುದಾದರೆ ಜವಾಬ್ದಾರಿ ಪತ್ರ, ಜೂಮಿನ್‌ಹ್ಯೋ ಅನ್ನುವ ನಿವಾಸ ಪತ್ರ, ಆದಾಯ ತೆರಿಗೆಯ ಪತ್ರವೂ ಬೇಕು. ರಕ್ತಸಂಬಂಧಕ್ಕೆ ದಾಖಲೆ ಕೇಳುತ್ತಾರೆ. ನಮ್ಮ ಅಮ್ಮನ ಹೆಸರು ಪಾಸ್‌ಪೋರ್ಟಿನಲ್ಲಿ ಒಂದು ತರ, ತಮ್ಮನ ಜನನ ಪ್ರಮಾಣಪತ್ರದಲ್ಲಿ ಇನ್ನೊಂದು ತರ ಇತ್ತು. ಅದನ್ನು ಸರಿಮಾಡಲು ಮೂರು ವಾರ ಹೋಯಿತು. ಈಗಲೇ ನೋಡಿಟ್ಟುಕೊಳ್ಳಿ. ಮಾತ್ರೆಗಳ ವಿಷಯದಲ್ಲೂ ಹುಷಾರು. ನಮ್ಮಲ್ಲಿ ಸುಲಭವಾಗಿ ಸಿಗುವ ಕೆಲವು ನೆಗಡಿ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇರುತ್ತದೆ, ಅದು 10 ಶೇಕಡಾಕ್ಕಿಂತ ಹೆಚ್ಚಿದ್ದರೆ ಜಪಾನಿಗೆ ಒಯ್ಯುವಂತಿಲ್ಲ. ಬಿಪಿ, ಸಕ್ಕರೆ ಕಾಯಿಲೆ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು ಒಯ್ಯಬಹುದು. ಡಾಕ್ಟರ ಚೀಟಿ ಜೊತೆಗಿರಲಿ.

ಊಟದ ವಿಷಯಕ್ಕೆ ಬರುತ್ತೇನೆ, ನಿಮ್ಮ ದೊಡ್ಡ ಚಿಂತೆ ಅದೇ ಅಲ್ವಾ? ಜಪಾನಿನಲ್ಲಿ ಮಾಂಸ ಕಣ್ಣಿಗೆ ಕಾಣುತ್ತದೆ, ಮೀನು ಕಾಣುವುದಿಲ್ಲ. ದಾಶಿ ಅನ್ನುವ ಸಾರಿನ ನೀರು ಹೆಚ್ಚಿನ ಅಡುಗೆಗೆ ಬುನಾದಿ. ಸಾಮಾನ್ಯವಾಗಿ ಅದನ್ನು ಒಣಗಿಸಿದ ಮೀನಿನ ಚೂರಿನಿಂದ ಮಾಡುತ್ತಾರೆ. ತರಕಾರಿ ಮಾತ್ರ ತೇಲುವ ಮಿಸೋ ಸೂಪಿನಲ್ಲೂ ಅದಿರುತ್ತದೆ. ನಾವು ಒಂದು ಸಣ್ಣ ಹೋಟೆಲಿನಲ್ಲಿ "ಮಾಂಸ ಬೇಡ, ಮೀನು ಬೇಡ" ಎಂದು ಹೇಳಿಯೇ ಉದೋನ್ ಅನ್ನುವ ದಪ್ಪ ಗೋಧಿ ನೂಡಲ್ಸ್ ತರಿಸಿದ್ದೆವು. ಅಮ್ಮ ಅರ್ಧ ತಿಂದ ಮೇಲೆ ತಮ್ಮನಿಗೆ ಅನುಮಾನ ಬಂದು ವಿಚಾರಿಸಿದ. ಸಾರು ಮೀನಿನದ್ದೇ. ಅವರು ಬೇಕೆಂದು ಮಾಡಿದ್ದಲ್ಲ. ಮೀನಿನ ತುಂಡು ಹಾಕಿರಲಿಲ್ಲ, ಹಾಗಾಗಿ ಅವರ ಲೆಕ್ಕದಲ್ಲಿ ಅದು ಸರಿಯೇ. ಅಮ್ಮ ಏನೂ ಹೇಳಲಿಲ್ಲ, ಆದರೆ ಅವತ್ತು ರಾತ್ರಿ ಊಟ ಮಾಡಲಿಲ್ಲ. ನನಗೆ ಇವತ್ತಿಗೂ ಬೇಜಾರಿದೆ. ಹಾಗಾಗಿ ಮೀನಿನ ದಾಶಿಯೂ ಬೇಡ ಎಂದು ಅಣ್ಣನ ಕೈಲಿ ಜಪಾನಿ ಭಾಷೆಯಲ್ಲಿ ಒಂದು ಚೀಟಿ ಬರೆಸಿ ಎಲ್ಲರ ಫೋನಿನಲ್ಲೂ ಇಟ್ಟುಕೊಳ್ಳಿ.

ನೆಮ್ಮದಿಯಾಗಿ ತಿನ್ನಬೇಕು ಅಂದರೆ ಶೋಜಿನ್ ರ್‍ಯೋರಿ ಇದೆ. ಬೌದ್ಧ ಮಠಗಳ ಊಟ ಅದು. ಮಾಂಸ ಮೀನು ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ಕ್ಯೋಟೋದಲ್ಲಿ ಒಂದು ಹೊತ್ತು ಅದನ್ನು ಉಂಡೆವು. ಎಳ್ಳಿನ ತೋಫು ಅಪ್ಪಯ್ಯನಿಗೆ ತುಂಬಾ ಹಿಡಿಸಿತು. ಬೀದಿಯಲ್ಲಿ ಸುಟ್ಟ ಗೆಣಸು ಸಿಗುತ್ತದೆ, ಜೇನಿನಷ್ಟು ಸಿಹಿ. ಉಮೆಬೋಶಿ ಅನ್ನುವ ಉಪ್ಪು ಹಾಕಿದ ಹುಳಿಹಣ್ಣು ತಿಂದು ಅಮ್ಮ, "ಇದು ನಮ್ಮ ಅಪ್ಪೆಮಿಡಿಯ ನೆಂಟ" ಅಂದಳು. ಉಳಿದಂತೆ ಮನೆಯಿಂದ ಅವಲಕ್ಕಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಉಪ್ಪಿನಕಾಯಿ ಒಯ್ಯಿರಿ. ಹಸಿ ಕರಿಬೇವು, ಹಣ್ಣು ಮಾತ್ರ ಬೇಡ, ಸಸ್ಯ ತಪಾಸಣೆಯ ಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಕ್ಯೋಟೋದಲ್ಲಿ ನಾವು ಹೋಟೆಲ್ ರೂಮಿನ ಬದಲು ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದೆವು. ಅದೊಂದರಿಂದಲೇ ಅರ್ಧ ಚಿಂತೆ ಕಳೆಯಿತು.

ಟೋಕಿಯೋದಲ್ಲಿ ಎಲ್ಲರೂ ಅಸಾಕುಸಾದ ಸೆನ್ಸೋಜಿ ದೇವಸ್ಥಾನಕ್ಕೆ ಹೋಗುತ್ತಾರೆ. ನೀವೂ ಹೋಗಿ. ಆದರೆ ಅಲ್ಲಿಂದ ಹತ್ತು ನಿಮಿಷ ಮುಂದೆ ನಡೆದರೆ ಮಾತ್ಸುಚಿಯಾಮಾ ಶೋದೆನ್ ಇದೆ. ಅಲ್ಲಿನ ದೇವರು ಕಾಂಗಿತೆನ್, ಅಂದರೆ ನಮ್ಮ ಗಣಪತಿ. ಮೂರ್ತಿಯನ್ನು ತೋರಿಸುವುದಿಲ್ಲ. ನೈವೇದ್ಯಕ್ಕೆ ಇಡುವುದು ಮೂಲಂಗಿ! ಅಲ್ಲೇ ಒಂದು ಮೂಲಂಗಿ ತೆಗೆದುಕೊಂಡು ಅಮ್ಮನೂ ಇಟ್ಟಳು. ದಿಬ್ಬ ಹತ್ತಲಾರದವರಿಗೆ ಹಳಿ ಮೇಲೆ ಓಡುವ ಪುಟ್ಟ ಗಾಡಿ ಇದೆ. ಜನ ಕಡಿಮೆ, ತುಂಬಾ ಶಾಂತ. ಉಎನೋದ ಶಿನೋಬಜು ಕೆರೆಯ ನಡುವೆ ಬೆನ್ಜಾಯ್ತೆನ್ ಗುಡಿಯಿದೆ. ಅವಳು ಸರಸ್ವತಿ. ವೀಣೆಯ ಬದಲು ಅವರ ಬಿವಾ ವಾದ್ಯ ಅವಳದ್ದು.

ಕ್ಯೋಟೋಗೆ ಶಿಂಕಾನ್‌ಸೆನ್ ಅನ್ನುವ ಬುಲೆಟ್ ರೈಲಿನಲ್ಲಿ ಹೋದೆವು. ಅದರಲ್ಲಿ ಬೇಗ ಹೋಗುವ ನೊಜೋಮಿಯಲ್ಲಿ ಎರಡೂಕಾಲು ಗಂಟೆ. ಟಿಕೆಟ್ ಒಬ್ಬರಿಗೆ ಸುಮಾರು 14,000 ಯೆನ್, ಆರರಿಂದ ಹನ್ನೊಂದು ವರ್ಷದ ಮಕ್ಕಳಿಗೆ ಅರ್ಧ. ಪ್ರವಾಸಿಗಳು ರೈಲಿನಲ್ಲಿ ಎಷ್ಟು ಬೇಕಾದರೂ ಓಡಾಡಲು ಕೊಳ್ಳುವ ಏಳು ದಿನದ ಜೆಆರ್ ಪಾಸ್ 2023ರ ಅಕ್ಟೋಬರ್‌ನಲ್ಲಿ 50,000 ಯೆನ್ ಆಯಿತು, ಕ್ಯೋಟೋಗೆ ಹೋಗಿ ಬರುವುದಷ್ಟೇ ಆದರೆ ಸುಮ್ನೆ ನಷ್ಟ. ಹೋಗುವಾಗ ಬಲಗಡೆಯ ಇ ಸೀಟು ಕೇಳಿ. ಹೊರಟು ಮುಕ್ಕಾಲು ಗಂಟೆಗೆ ಫ್ಯೂಜಿ ಪರ್ವತ ಕಾಣುತ್ತದೆ. ಆ ವರ್ಷ ಅದರ ತಲೆ ಮೇಲೆ ಹಿಮ ಕಂಡದ್ದೇ ನವೆಂಬರ್ 7ಕ್ಕೆ, 1894ರಿಂದ ದಾಖಲೆ ಇಡಲು ಶುರು ಮಾಡಿದ ಮೇಲೆ ಅಷ್ಟು ತಡ ಆಗಿದ್ದಿಲ್ಲವಂತೆ. ನಮ್ಮ ಪುಣ್ಯ, ನಮಗೆ ಬೆಳ್ಳಗೆ ಕಂಡಿತು. ಅಪ್ಪಯ್ಯ ಮಾತ್ರ ಫ್ಯೂಜಿಗಿಂತ ಶಿಜುಒಕಾದ ಚಹಾ ತೋಟಗಳನ್ನು ಜಾಸ್ತಿ ನೋಡಿದರು. ಅಡಿಕೆ ತೋಟದವರಲ್ವಾ.

ದೊಡ್ಡ ಸೂಟ್‌ಕೇಸ್‌ಗಳನ್ನು ಹೊರಬೇಡಿ. ಹಿಂದಿನ ದಿನವೇ ತಕ್ಕ್ಯೂಬಿನ್ ಅನ್ನುವ ಕೊರಿಯರ್‌ನಲ್ಲಿ ಕಳಿಸಿಬಿಡಿ. ತಾಯಿ ಬೆಕ್ಕು ಮರಿಯನ್ನು ಕಚ್ಚಿಕೊಂಡು ಹೋಗುವ ಗುರುತಿನ ಕಂಪನಿ ಅದು. ಒಂದಕ್ಕೆ 2,000ದಿಂದ 3,000 ಯೆನ್ ಆಗುತ್ತದೆ, ಸಾಮಾನ್ಯವಾಗಿ ಮರುದಿನ ತಲುಪುತ್ತದೆ.

ಕ್ಯೋಟೋದಲ್ಲಿ ನಾನು ಒಂದು ತಪ್ಪು ಮಾಡಿದೆ. ಒಂದೇ ದಿನ ಬೆಳಿಗ್ಗೆ ಫುಶಿಮಿ ಇನಾರಿ, ಮಧ್ಯಾಹ್ನ ಕಿಯೋಮಿಜು, ಸಂಜೆ ಅರಾಶಿಯಾಮಾ ಎಂದು ಬರೆದಿಟ್ಟಿದ್ದೆ. ಕಿಯೋಮಿಜುಗೆ ಏರು ದಾರಿ. ಎಲೆ ಕೆಂಪಾಗುವ ಕಾಲ ಆದ್ದರಿಂದ ವಿಪರೀತ ಜನ, ಬಸ್ಸಿನಲ್ಲಿ ಕೂರಲು ಜಾಗವಿಲ್ಲ. ಬೀದಿಯಲ್ಲಿ ಬೆಂಚುಗಳೂ ಕಡಿಮೆ. ಅಮ್ಮ ಅರ್ಧ ದಾರಿಯಲ್ಲಿ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಮಂಡಿ ಊದಿತ್ತು. "ನೀವು ಹೋಗಿ ಬನ್ನಿ, ನಾನು ಇಲ್ಲೇ ಇರ್ತೀನಿ" ಅಂದಳು. ಅಷ್ಟು ದೂರ ಕರೆದುಕೊಂಡು ಹೋಗಿ ಅವಳನ್ನು ಅಲ್ಲಿ ಕೂರಿಸಿ ನಾವು ನೋಡುವುದು ಎಂಥದ್ದು? ಟ್ಯಾಕ್ಸಿ ಹಿಡಿದು ವಾಪಸ್ ಬಂದೆವು. ಆಮೇಲೆ ದಿನಕ್ಕೆ ಒಂದೇ ಜಾಗ, ಹೋಗುವುದು ಬರುವುದು ಟ್ಯಾಕ್ಸಿಯಲ್ಲಿ. ನವೆಂಬರ್‌ನಲ್ಲಿ ನಾಲ್ಕೂವರೆ, ಐದರೊಳಗೆ ಸೂರ್ಯ ಮುಳುಗುತ್ತಾನೆ, ಹೆಚ್ಚಿನ ದೇವಸ್ಥಾನಗಳೂ ಅಷ್ಟರಲ್ಲೇ ಮುಚ್ಚುತ್ತವೆ. ಒಂದೇ ಜಾಗ ಸಾಕು, ನಿಜಕ್ಕೂ.

ಹಾಗೆ ಒಂದೇ ಜಾಗ ಆರಿಸಿಕೊಳ್ಳುವುದಾದರೆ ಸಾಂಜೂಸಾನ್ಗೆನ್‌ದೋ ಅನ್ನುವ ಬೌದ್ಧ ದೇವಸ್ಥಾನ ಅಂತ ನಾನು ಹೇಳುತ್ತೇನೆ. ಉದ್ದನೆಯ ಮರದ ಮನೆ, ಸುಮಾರು 120 ಮೀಟರ್. ಈಗಿರುವುದನ್ನು ಕಟ್ಟಿದ್ದು 1266ರಲ್ಲಿ. ಚಪ್ಪಲಿ ಬಿಟ್ಟು ಒಳಗೆ ಹೋದರೆ ನಮ್ಮ ಮಲೆನಾಡಿನ ಹಳೇ ಮನೆಯ ಜಗಲಿಯಂತೆ ನುಣ್ಣನೆಯ ಮರದ ನೆಲ. ನಡುವೆ ಬೋಧಿಸತ್ವ ಅವಲೋಕಿತೇಶ್ವರನ ಒಂದು ದೊಡ್ಡ ಮೂರ್ತಿ, ಸುತ್ತ ಆಳೆತ್ತರದ ಇನ್ನೂ 1,000. ಅವರ ಕಾವಲಿಗೆ 28 ದೇವತೆಗಳು. ಮಗಳು ಒಂದೊಂದೇ ಹೆಸರು ಓದುತ್ತಾ ಹೋದಳು. ಬ್ರಹ್ಮ ಇದ್ದಾನೆ, ಇಂದ್ರ ಇದ್ದಾನೆ, ನಾರಾಯಣ ಇದ್ದಾನೆ. ಗರುಡ ನಿಂತು ಕೊಳಲು ಊದುತ್ತಿದ್ದಾನೆ. ಅಪ್ಪಯ್ಯ ಆ ಗರುಡನ ಮುಂದೆ ಹತ್ತು ನಿಮಿಷ ನಿಂತರು. ಫೋಟೋ ತೆಗೆಯುವಂತಿಲ್ಲ. ಹಾಗಾಗಿ ಎಲ್ಲರೂ ಕಣ್ತುಂಬ ನೋಡಿದೆವು.

ನಾರಾ ಕ್ಯೋಟೋದಿಂದ ರೈಲಿನಲ್ಲಿ ಮುಕ್ಕಾಲು ಗಂಟೆ. ಜಿಂಕೆಗಳು ಮಕ್ಕಳಿಗೆ ಹಬ್ಬ, ಬಿಸ್ಕತ್ತು ತೋರಿಸಿದರೆ ತಲೆ ಬಾಗಿಸುತ್ತವೆ. ಅಲ್ಲಿನ ತೋದಾಯ್‌ಜಿ ದೇವಸ್ಥಾನದ ಬುದ್ಧ ಸುಮಾರು 15 ಮೀಟರ್ ಎತ್ತರ. 752ರಲ್ಲಿ ಆ ಮೂರ್ತಿಗೆ ಕಣ್ಣು ಬರೆದ ಭಿಕ್ಷು ಭಾರತದಿಂದ ಹೋದವನು, ಬೋಧಿಸೇನ ಎಂದು ಹೆಸರು. ಇದನ್ನು ಹೋಗುವ ಮೊದಲೇ ಅಪ್ಪನಿಗೆ ಹೇಳಿಡಿ, ಅಲ್ಲಿ ನಿಂತಾಗ ಬೇರೆಯೇ ಅನಿಸುತ್ತದೆ.

ಹಿರೋಶಿಮಾ, ಒಸಾಕಾ ನಾವು ಬಿಟ್ಟೆವು. ಕೊನೆಯ ಎರಡು ದಿನ ಮತ್ತೆ ತಮ್ಮನ ಮನೆಗೇ ಬಂದೆವು. ನೀವೂ ಕೊನೆಗೆ ಹಾಗೆ ಎರಡು ದಿನ ಇಟ್ಟುಕೊಳ್ಳಿ, ಅಣ್ಣನಿಗೂ ಆಗ ರಜೆ ಹಾಕಲು ಹೇಳಿ. ಅಮ್ಮ ಆ ಹೊತ್ತಿಗೆ ಅಂಗಡಿಯವರಿಗೆ ತಲೆ ಬಾಗಿಸಿ "ಅರಿಗಾತೋ" ಹೇಳುವಷ್ಟು ಒಗ್ಗಿಹೋಗಿದ್ದಳು. ಹುಳಿ ಮಾಡಿ ಸಣ್ಣ ಸಣ್ಣ ಡಬ್ಬಿಗೆ ಹಾಕಿ ಫ್ರೀಜರ್ ತುಂಬಿಸಿದಳು. ಈಗ ಫೋನಿನಲ್ಲಿ ತಮ್ಮ "ಅಂಗಡಿಗೆ ಹೋಗಿದ್ದೆ" ಅಂದರೆ, "ಆ ಸೇತುವೆ ಪಕ್ಕದ್ದಾ, ಗೆಡ್ಡೆ ಬಂದಿದೆಯಾ?" ಅಂತ ಕೇಳುತ್ತಾಳೆ.

ನೀವು ಯಾವ ತಿಂಗಳು ಹೋಗುತ್ತೀರಿ, ಅಪ್ಪ ಅಮ್ಮ ಒಂದೇ ಸಲಕ್ಕೆ ಎಷ್ಟು ನಡೆಯಬಲ್ಲರು, ಅಣ್ಣನ ಮನೆ ಯಾವ ಸ್ಟೇಷನ್ ಹತ್ತಿರ ಎಂದು ತಿಳಿಸಿ. ನಮ್ಮ ಹನ್ನೆರಡು ದಿನದ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ, ನಿಮಗೆ ಹೊಂದುವಂತೆ ತಿದ್ದಿ ಬರೆದು ಕೊಡುತ್ತೇನೆ.