ಕೈಲಾಗದವನೋ, ಎಡವಟ್ಟೋ?

ಪ್ರಶ್ನೆ: ಸೋಮವಾರಪೇಟೆ ಹತ್ತಿರದ ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಮಾಲೀಕರು ಕಳಿಸಿದ ಇಮೇಲ್‌ನಲ್ಲಿ ನಮ್ಮ ಮೇಸ್ತ್ರಿಯನ್ನು ‘ಇನ್‌ಕಾಂಪಿಟೆಂಟ್’ ಎಂದೂ ನನ್ನನ್ನು ‘ಇನೆಪ್ಟ್’ ಎಂದೂ ಬರೆದಿದ್ದಾರೆ. ಎರಡಕ್ಕೂ ‘ಅಸಮರ್ಥ’ ಅಂತಲೇ ಅರ್ಥ ಅಲ್ವಾ? ಇಬ್ಬರಲ್ಲಿ ಜಾಸ್ತಿ ಬೈಸಿಕೊಂಡವರು ಯಾರು?

ಉತ್ತರ: ಮೇಸ್ತ್ರಿ.

ಇನ್‌ಕಾಂಪಿಟೆಂಟ್ ಅನ್ನುವಾಗ ಎದುರಿಗೆ ಒಂದು ಕೆಲಸ ಇರುತ್ತದೆ. ಅದಕ್ಕೆ ಇಷ್ಟು ಗೊತ್ತಿರಲೇಬೇಕು ಅನ್ನುವ ಮಟ್ಟ ಇರುತ್ತದೆ. ಆ ಮಟ್ಟ ಮುಟ್ಟದವನು ಇನ್‌ಕಾಂಪಿಟೆಂಟ್. ಕಪಾತು ಮಾಡಿಸುವವನಿಗೆ ಯಾವ ರೆಂಬೆ ಉಳಿಸಬೇಕು ಅನ್ನುವುದೇ ತಿಳಿಯದು. ಅರೇಬಿಕಾ ಗಿಡ ಹಳದಿಯಾಗಿ ಬಾಡುತ್ತಿದ್ದರೂ ಬಿಳಿ ಕಾಂಡಕೊರಕ ಹುಳು ಇರಬಹುದು ಅಂತ ಹೊಳೆಯದು. ನಮ್ಮ ಮಾತಿನಲ್ಲಿ ‘ಕೈಲಾಗದವನು’. ಕೆಲಸದಿಂದ ತೆಗೆಯುವ ಮೊದಲು ಬರೆಯುವ ಪದ ಇದು.

ಇನೆಪ್ಟ್‌ನ ಬೇರು ಲ್ಯಾಟಿನ್‌ನ ‘ಆಪ್ಟುಸ್’, ಅಂದರೆ ಹೊಂದುವಂಥದ್ದು. ಹೊಂದದೆ ಹೋದದ್ದು ‘ಇನೆಪ್ಟುಸ್’. ಹಾಗಾಗಿ ಈ ಪದದ ಕಣ್ಣು ಹೆಚ್ಚಾಗಿ ಮಾಡುವ ರೀತಿಯ ಮೇಲೆ. ‘ಎಡವಟ್ಟು’ ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಲೆಕ್ಕ ಸರಿಯಾಗೇ ಬರೆದಿರುತ್ತೀರಿ, ಆದರೆ ಬಟವಾಡೆ ದಿನ ಕೂಲಿಯವರೆದುರು ಏನೋ ಮಾತಾಡಿ ಸುಮ್ನೆ ಜಗಳ ಎಬ್ಬಿಸುತ್ತೀರಿ. ನಾಲ್ಕು ಜನರ ನಡುವೆ ಹೇಗಿರಬೇಕೋ ತಿಳಿಯದವರಿಗೆ ಇಂಗ್ಲಿಷಿನಲ್ಲಿ ‘ಸೋಷಿಯಲಿ ಇನೆಪ್ಟ್’ ಎನ್ನುತ್ತಾರೆ. ಅಲ್ಲಿ ಇನ್‌ಕಾಂಪಿಟೆಂಟ್ ಅಷ್ಟಾಗಿ ಕೇಳಿಬರುವುದಿಲ್ಲ. ಮಾತಿಗೂ ಪ್ರಯತ್ನಕ್ಕೂ ಇನೆಪ್ಟ್ ಹೊಂದುತ್ತದೆ. ಇಂಗ್ಲಿಷಿನವರೇ ಎರಡನ್ನೂ ಬೆರೆಸುವುದುಂಟು, ಅದೂ ನಿಜ.

ಇನ್‌ಕಾಂಪಿಟೆಂಟ್‌ಗೆ ಬೈಗುಳವೇ ಅಲ್ಲದ ಇನ್ನೊಂದು ಬದುಕಿದೆ. 1872ರ ಭಾರತೀಯ ಕರಾರು ಕಾಯ್ದೆಯ 11ನೇ ಸೆಕ್ಷನ್ ಯಾರು ಕರಾರು ಮಾಡಿಕೊಳ್ಳಲು ‘ಕಾಂಪಿಟೆಂಟ್’ ಅಂತ ಹೇಳುತ್ತದೆ. ತೋಟದ ಎಲ್ಲ ಕೆಲಸದಲ್ಲೂ ಪಳಗಿದ ಹದಿನೇಳರ ಹುಡುಗನಿದ್ದಾನೆ ಅನ್ನಿ. ಮೆಣಸಿನ ವ್ಯಾಪಾರದ ಕರಾರಿಗೆ ಅವನು ಇನ್‌ಕಾಂಪಿಟೆಂಟ್, ವಯಸ್ಸು 18 ತುಂಬಿಲ್ಲ ಅಷ್ಟೇ. ಡಾಕ್ಟರುಗಳು ಸರಿಯಾಗಿ ಮುಚ್ಚದ ಹೃದಯದ ಕವಾಟಕ್ಕೂ ಇದೇ ಪದ ಬಳಸುತ್ತಾರೆ. ಇನೆಪ್ಟ್‌ಗೆ ಈ ಬಳಕೆಗಳಿಲ್ಲ. ಕವಾಟ ಎಡವಟ್ಟು ಮಾಡುತ್ತದೆಯೇ!

ಇನ್ನೊಂದು ಸಂಗತಿ. ಆ ಇಮೇಲ್ ತೆಗೆದು ಇಂಗ್ಲಿಷ್ ಕಾಗುಣಿತ ನೋಡಿ. ಮೂರನೆಯ ಅಕ್ಷರ ‘ಇ’ (e) ಇದ್ದರೆ ನೀವು ಹೇಳಿದ ಪದವೇ. ‘ಎ’ (a) ಇದ್ದರೆ ಅದು ‘ಇನ್‌ಆಪ್ಟ್’. ಅದೇ ಬೇರಿನದು, ಅರ್ಥ ಬೇರೆ: ಸಂದರ್ಭಕ್ಕೆ ತಕ್ಕದ್ದಲ್ಲ. ಅದನ್ನು ಹೋಲಿಕೆಗೋ ಮಾತಿಗೋ ಬಳಸುತ್ತಾರೆ, ಮನುಷ್ಯರಿಗೆ ಅಪರೂಪ. ಹಾಗಿದ್ದರೆ ಕಾಗುಣಿತ ತಪ್ಪಿದ್ದು ಮಾಲೀಕರೇ ಇರಬಹುದು. ಅದನ್ನು ಎತ್ತಿ ತೋರಿಸಿ ರಿಪ್ಲೈ ಮಾತ್ರ ಮಾಡಬೇಡಿ.