ಗಾಜಿನಂಥ ಅಸ್ಫಟಿಕ ಘನಗಳಲ್ಲಿ ಫೋನಾನ್‌ಗಳಿರುತ್ತವೆಯೇ?

ಫೋನಾನ್‌ಗಳಿಗೆ, ಅಂದರೆ ಘನವಸ್ತುವಿನ ಪರಮಾಣುಗಳು ಒಟ್ಟಾಗಿ ಕಂಪಿಸುವಾಗಿನ ಶಕ್ತಿಯ ಕ್ವಾಂಟಮ್ ಕಂತುಗಳಿಗೆ, ಪರಮಾಣುಗಳ ಕ್ರಮಬದ್ಧ ಜೋಡಣೆಯೇ ಆಧಾರವಾದರೆ, ಆ ಕ್ರಮವಿಲ್ಲದ ಗಾಜಿನಲ್ಲಿ ಅವು ಇರುವುದು ಹೇಗೆ ಎಂದು ಕೇಳಿದ್ದೀರಿ. ಕಂಪನಗಳಿಗೇನೂ ಕೊರತೆಯಿಲ್ಲ, ಪರಮಾಣುವೊಂದಕ್ಕೆ ಮೂರರಂತೆ ಕಂಪನ ವಿಧಗಳು ಸ್ಫಟಿಕ, ಗಾಜು ಎರಡರಲ್ಲೂ ಇವೆ. ಗಾಜು ಕಳೆದುಕೊಳ್ಳುವುದು ಪ್ರತಿ ಕಂಪನಕ್ಕೂ ಖಚಿತವಾದ ತರಂಗ ಸದಿಶವನ್ನು (ತರಂಗದ ದಿಕ್ಕನ್ನೂ ತರಂಗಾಂತರವನ್ನೂ ಸೂಚಿಸುವ ರಾಶಿ) ಮಾತ್ರ.

ಇದು ರಾಮನ್ ರೋಹಿತದಲ್ಲಿ, ಅಂದರೆ ಕಂಪನಗಳಿಂದ ಚದುರಿದ ಬೆಳಕಿನ ಆವೃತ್ತಿ ಎಷ್ಟು ಬದಲಾಯಿತೆಂದು ತೋರಿಸುವ ನಕ್ಷೆಯಲ್ಲಿ, ನೇರವಾಗಿ ಕಾಣುತ್ತದೆ. ಸ್ಫಟಿಕ ಸಿಲಿಕಾನ್‌ನಲ್ಲಿ ತರಂಗ ಸದಿಶ ಸೊನ್ನೆಗೆ ಸಮೀಪವಿರುವ ಕಂಪನಗಳು ಮಾತ್ರ ಬೆಳಕನ್ನು ಚದುರಿಸಬಲ್ಲವಾದ್ದರಿಂದ ಸೆಂಟಿಮೀಟರಿಗೆ 520 ತರಂಗಗಳ (ರೋಹಿತದಲ್ಲಿ ಆವೃತ್ತಿಯನ್ನು ಅಳೆಯುವ ಏಕಮಾನ) ಬಳಿ ಒಂದೇ ಚೂಪಾದ ಗೆರೆ ಬರುತ್ತದೆ. ಅಸ್ಫಟಿಕ ಸಿಲಿಕಾನ್‌ನಲ್ಲಿ ಆ ನಿರ್ಬಂಧ ಸಡಿಲವಾಗಿ, 480ರ ಸುತ್ತ ಅಗಲವಾದ ಪಟ್ಟಿ ಹರಡಿಕೊಳ್ಳುತ್ತದೆ.

ತರಂಗಾಂತರ ದೊಡ್ಡದಿರುವವರೆಗೆ ಗಾಜಿನಲ್ಲೂ ಶಬ್ದ ತರಂಗಗಳು ಸಲೀಸಾಗಿ ಸಾಗುತ್ತವೆ, ಅವನ್ನು ಫೋನಾನ್ ಎನ್ನಲು ಅಡ್ಡಿಯಿಲ್ಲ. ಆವೃತ್ತಿ ಏರಿ ಸುಮಾರು 1 ಟೆರಾಹರ್ಟ್ಸ್ ಮುಟ್ಟುವ ಹೊತ್ತಿಗೆ ಸಿಲಿಕಾ ಗಾಜಿನಲ್ಲಿ ತರಂಗವು ಒಂದು ತರಂಗಾಂತರದಷ್ಟು ದೂರ ಸಾಗುವ ಮೊದಲೇ ಚದುರಿಹೋಗುತ್ತದೆ. ಅಲ್ಲಿಂದಾಚೆಗಿನ ಬಹುಪಾಲು ಕಂಪನಗಳು ತರಂಗಗಳೂ ಅಲ್ಲ, ಒಂದೆಡೆ ಸಿಕ್ಕಿಬಿದ್ದವೂ ಅಲ್ಲ. ಅವುಗಳ ಶಕ್ತಿ ನೀರಿನಲ್ಲಿ ಶಾಯಿ ಹರಡುವಂತೆ ವಿಸರಣಗೊಳ್ಳುತ್ತದೆ. ಭೌತವಿಜ್ಞಾನಿಗಳಾದ ಅಲೆನ್ ಮತ್ತು ಫೆಲ್ಡ್‌ಮನ್ ಇವನ್ನು ‘ಡಿಫ್ಯೂಸಾನ್’ ಎಂದು ಕರೆದರು. ಕೋಣೆಯ ಉಷ್ಣತೆಯಲ್ಲಿ ಸಿಲಿಕಾ ಗಾಜಿನ ಉಷ್ಣವಾಹಕತೆ ಮೀಟರ್-ಕೆಲ್ವಿನ್‌ಗೆ ಸುಮಾರು 1.4 ವ್ಯಾಟ್ ಮಾತ್ರ ಇರುವುದಕ್ಕೂ, ಅದೇ ಸಂಯೋಜನೆಯ ಕ್ವಾರ್ಟ್ಜ್ ಸ್ಫಟಿಕದಲ್ಲಿ ಅದು ದಿಕ್ಕಿಗನುಗುಣವಾಗಿ ಹಲವು ಪಟ್ಟು ಹೆಚ್ಚಿರುವುದಕ್ಕೂ ಕಾರಣ ಇದೇ.

ಅದೇ 1 ಟೆರಾಹರ್ಟ್ಸ್ ಆಸುಪಾಸಿನಲ್ಲಿ, ಕಂಪನಗಳೆಲ್ಲ ಸರಳ ಶಬ್ದ ತರಂಗಗಳೆಂದು ಭಾವಿಸುವ ಡಿಬೈ ಲೆಕ್ಕಕ್ಕಿಂತ ಹೆಚ್ಚು ಕಂಪನಗಳು ಕಾಣಸಿಗುತ್ತವೆ. ‘ಬೋಸಾನ್ ಶೃಂಗ’ ಎಂಬ ಈ ಉಬ್ಬಿನ ಮೂಲದ ಬಗ್ಗೆ ಒಮ್ಮತವಿಲ್ಲ. ಸ್ಥಿತಿಸ್ಥಾಪಕ ಗುಣಾಂಕಗಳು (ವಸ್ತುವಿನ ಬಿಗಿತದ ಅಳತೆಗಳು) ಗಾಜಿನೊಳಗೆ ಜಾಗದಿಂದ ಜಾಗಕ್ಕೆ ಬದಲಾಗುವುದೇ ಕಾರಣ ಎಂಬ ವಾದ ನನಗೆ ಹೆಚ್ಚು ಒಪ್ಪಿಗೆಯಾಗುತ್ತದೆ.

ನಿಜವಾದ ಅಚ್ಚರಿಯಿರುವುದು 1 ಕೆಲ್ವಿನ್‌ಗಿಂತ ಕೆಳಗೆ. ಅಲ್ಲಿ ಉಷ್ಣವನ್ನು ಒಯ್ಯುವ ತರಂಗಗಳು ಪರಮಾಣುಗಳ ನಡುವಿನ ಅಂತರಕ್ಕಿಂತ ಎಷ್ಟೋ ಉದ್ದವಾಗಿರುವುದರಿಂದ ಒಳಗಿನ ಅವ್ಯವಸ್ಥೆ ಲೆಕ್ಕಕ್ಕೇ ಬರಬಾರದು. ಆದರೆ 1971ರಲ್ಲಿ ಝೆಲ್ಲರ್ ಮತ್ತು ಪೋಲ್ ಅಳೆದು ತೋರಿಸಿದಂತೆ, ಗಾಜಿನ ವಿಶಿಷ್ಟೋಷ್ಣವು ಸ್ಫಟಿಕದಲ್ಲಿರುವಂತೆ ಉಷ್ಣತೆಯ ಮೂರನೇ ಘಾತಕ್ಕೆ ಅನುಗುಣವಾಗಿರದೆ, ಹೆಚ್ಚುಕಡಿಮೆ ಉಷ್ಣತೆಗೇ ಅನುಗುಣವಾಗಿ ಇಳಿಯುತ್ತದೆ. ಮರುವರ್ಷ ಆಂಡರ್ಸನ್, ಹಾಲ್ಪರಿನ್ ಮತ್ತು ವರ್ಮ ಒಂದೆಡೆ, ಫಿಲಿಪ್ಸ್ ಇನ್ನೊಂದೆಡೆ, ಕೆಲವು ಪರಮಾಣು ಗುಂಪುಗಳು ಹತ್ತಿರದ ಎರಡು ನೆಲೆಗಳ ನಡುವೆ ಕ್ವಾಂಟಮ್ ಸುರಂಗನದಿಂದ (ದಾಟಲು ಬೇಕಾದಷ್ಟು ಶಕ್ತಿಯಿಲ್ಲದೆಯೂ ತಡೆಯನ್ನು ಹಾಯ್ದು ಹೋಗುವುದು) ಓಡಾಡುತ್ತವೆ ಎಂದು ವಿವರಿಸಿದರು. ಈ ಮಾದರಿ ಅಳತೆಗಳಿಗೆ ಚೆನ್ನಾಗಿ ಹೊಂದುತ್ತದೆ, ಆದರೆ ಹೆಚ್ಚಿನ ಗಾಜುಗಳಲ್ಲಿ ಹಾಗೆ ಓಡಾಡುವ ಪರಮಾಣುಗಳು ಯಾವುವೆಂದು ಅದು ಹೇಳುವುದಿಲ್ಲ.